ರಕ್ಷಾಪ್ರತಿಯ ಧರ್ಮ

ಹಣ ಕೊಟ್ಟು ಕೊಂಡ ವಸ್ತುವಿಗೆ ಮಾರಿದವನು ಬೀಗ ಹಾಕಿ ಕೊಟ್ಟಿದ್ದರೆ, ಆ ಬೀಗವನ್ನು ತೆಗೆಯುವ ಅಧಿಕಾರ ಕೊಂಡವನಿಗೆ ಉಂಟೆ, ಇಲ್ಲವೆ? ಹಿಂದಿನವರಿಗೆ ಈ ಪ್ರಶ್ನೆ ಹಾಸ್ಯಾಸ್ಪದವಾಗಿ ತೋರುತ್ತಿತ್ತು. ಪೆಟ್ಟಿಗೆಯನ್ನು ಕೊಂಡವನಿಗೆ ಬೀಗದ ಕೈಯೂ ಸಲ್ಲತಕ್ಕದ್ದೆಂಬುದು ಸಂತೆಯ ಸಾಮಾನ್ಯ ನ್ಯಾಯ. ಆದರೆ ಚಲನಚಿತ್ರಗಳನ್ನು ಒಡಲಲ್ಲಿಟ್ಟುಕೊಂಡು ಮನೆಮನೆಗೆ ಬಂದ ಡಿವಿಡಿ ತಟ್ಟೆಗಳಲ್ಲಿ ಈ ನ್ಯಾಯ ನಡೆಯದು. ತಟ್ಟೆಯು ಕೊಂಡವನದು; ಅದರೊಳಗಿನ ಚಿತ್ರವನ್ನು ಮುಚ್ಚಿರುವ ಬೀಗದ ಕೈ ಮಾತ್ರ ಪರರ ವಶದಲ್ಲಿ. ತಟ್ಟೆ ಕೆಡುವ ಮೊದಲೇ ಅದರದೊಂದು ಪ್ರತಿಯನ್ನು ಮಾಡಿಟ್ಟುಕೊಳ್ಳಬೇಕೆಂದು ಬಯಸುವ ಗೃಹಸ್ಥನು ಆ ಬೀಗವನ್ನು ತೆಗೆಯದೆ ತನ್ನ ಕೆಲಸವನ್ನು ಸಾಧಿಸಲಾರನು. ಆದುದರಿಂದ ಯಾವ ವಿಧಾನದಿಂದ ಪ್ರತಿ ಮಾಡುವುದು ಸರಿ ಎಂಬ ಪ್ರಶ್ನೆಯ ಬೆನ್ನಿಗೇ, ಮಾಡುವುದು ಸರಿಯೆ ಎಂಬ ಪ್ರಶ್ನೆಯೂ ನಿಲ್ಲುತ್ತದೆ. ಮೇಲುನೋಟಕ್ಕೆ ಇವೆರಡು ಬೇರೆಯಾಗಿ ತೋರಿದರೂ, ವಿಚಾರಿಸಿದಲ್ಲಿ ಒಂದರೊಳಗೊಂದು ಹೆಣೆದುಕೊಂಡಿರುವುದು ಕಂಡುಬರುತ್ತದೆ.

ಪ್ರಶ್ನೆಯು ಹುಟ್ಟುವುದು ನ್ಯಾಯಾಲಯದಲ್ಲಲ್ಲ, ಮನೆಯ ಕಪಾಟಿನ ಮುಂದೆ. ಬೆಂಗಳೂರು ದಂಡಿನ ಆಚೆಗೆ, ಹೆಣ್ಣೂರು ರಸ್ತೆಯ ಮೇಲ್ಸೇತುವೆಯು ರೈಲುದಾರಿಯನ್ನು ದಾಟುವ ಲಿಂಗರಾಜಪುರದಲ್ಲಿ ಕನ್ನಡ, ತಮಿಳು, ತೆಲುಗು, ಮಲೆಯಾಳ, ಉರ್ದು, ಇಂಗ್ಲಿಷುಗಳೆಲ್ಲವೂ ಅಕ್ಕಪಕ್ಕದಲ್ಲಿ ಕೇಳಿಬರುತ್ತವೆ. ಅಲ್ಲಿಯ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮನೆಯ ಹಿರಿಯ ತಾಯಿಗೆ ಎಂಬತ್ತು ದಾಟಿದೆ. ಮೊಣಕಾಲಿನ ನೋವಿನಿಂದ ಹೊಸ್ತಿಲು ದಾಟುವುದೇ ಅಪರೂಪ. ಆಕೆ ಪ್ರಾಯದಲ್ಲಿ ಹೋಗುತ್ತಿದ್ದ ದಂಡಿನ ಚಿತ್ರಮಂದಿರಗಳಲ್ಲಿ ಹಲವು ಈಗ ಇಲ್ಲ. ಬ್ರಿಗೇಡ್ ರಸ್ತೆಯ ರೆಕ್ಸ್ ಸಹ ೨೦೧೮ರ ಕೊನೆಯಲ್ಲಿ ಬಾಗಿಲು ಮುಚ್ಚಿತು. ಮಗನು ಹದಿನೈದು ವರ್ಷಗಳ ಹಿಂದೆ ಒಂದೊಂದಾಗಿ ತಂದುಕೊಟ್ಟ ನಲವತ್ತು ತಟ್ಟೆಗಳೇ ಆಕೆಯ ಸಂಜೆಗಳಿಗೆ ಉಳಿದ ಜೊತೆ. ಈಗ ಅವುಗಳಲ್ಲಿ ಒಂದು, ಆಕೆಗೆ ಬಲು ಪ್ರಿಯವಾದ ಹಾಡಿನ ನಡುವೆ ಪ್ರತಿಸಲವೂ ತೊಡರಿ ನಿಲ್ಲುತ್ತದೆ. ಮಾರಿದ ಅಂಗಡಿ ಎತ್ತಿಹೋಗಿದೆ. ಉಳಿದವುಗಳನ್ನಾದರೂ ಕಾಪಾಡಬೇಕೆಂದು ಮಗನು ಕಂಪ್ಯೂಟರಿನ ಮುಂದೆ ಕುಳಿತಾಗ, ಬೀಗ ಮುರಿದು ಮಾಡುವ ಪ್ರತಿಗೂ ಕಾಲುದಾರಿಯಲ್ಲಿ ಹರವಿ ಮಾರುವ ಕಳ್ಳಪ್ರತಿಗೂ ಭೇದವೇನೆಂದು ಸೊಸೆಯು ಕೇಳುತ್ತಾಳೆ. ಕಾಲುದಾರಿಯ ಪ್ರತಿಯನ್ನು ಮುಟ್ಟಕೂಡದೆಂದು ಮಕ್ಕಳಿಗೆ ಕಲಿಸಿದ ಮನೆಯದು. ಅವರೆದುರಿಗೆ ಕೊಡುವ ಉತ್ತರ ಹುಸಿಯಾಗಬಾರದು.

ಉತ್ತರವನ್ನು ಹುಡುಕುವ ಮುನ್ನ ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಡಿವಿಡಿಯು ೧೯೯೬ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದಿತು. ೧೨ ಸೆಂಟಿಮೀಟರು ಅಗಲ, ೧.೨ ಮಿಲಿಮೀಟರು ದಪ್ಪದ ಈ ತಟ್ಟೆಯು ವಾಸ್ತವವಾಗಿ ಎರಡು ತೆಳುವಾದ ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸಿ ಮಾಡಿದ್ದು. ನಡುವೆ ಕನ್ನಡಿಯಂತೆ ಹೊಳೆಯುವ ಅಲ್ಯೂಮಿನಿಯಮ್ಮಿನ ಲೇಪವುಂಟು. ಸುರುಳಿಯಾಗಿ ಸಾಗುವ ಸೂಕ್ಷ್ಮವಾದ ಗುಳಿಗಳ ಸಾಲನ್ನು ಕೆಂಪು ಲೇಸರ್ ಕಿರಣವು ಓದುತ್ತದೆ. ಒಂದು ಪದರದ ತಟ್ಟೆಯಲ್ಲಿ ೪.೭ ಗಿಗಾಬೈಟು, ಎರಡು ಪದರದ್ದರಲ್ಲಿ ೮.೫ ಗಿಗಾಬೈಟು ಮಾಹಿತಿ ಹಿಡಿಯುತ್ತದೆ. ಗೀರು ಬಿದ್ದರೆ ಕಿರಣ ಚದರುತ್ತದೆ. ಅಂಟು ಬಿಟ್ಟು ಒಳಗೆ ಗಾಳಿಯೂ ತೇವವೂ ಸೇರಿದರೆ ಲೇಪವು ಮಂಕಾಗುತ್ತದೆ. ಮನೆಯಲ್ಲಿ ಬರೆದುಕೊಳ್ಳುವ ಖಾಲಿ ತಟ್ಟೆಗಳಲ್ಲಿ ಬರಹವನ್ನು ಹಿಡಿಯುವುದು ಒಂದು ಬಗೆಯ ಬಣ್ಣವಾದುದರಿಂದ ಬಿಸಿಲೂ ಶಾಖವೂ ಅವಕ್ಕೆ ಇನ್ನೂ ದೊಡ್ಡ ಶತ್ರುಗಳು. ಒಟ್ಟಿನಲ್ಲಿ ಇದು ತಾಳೆಗರಿಗಿಂತ ನಾಜೂಕಾದ ವಸ್ತು.

ಇನ್ನು ಬೀಗದ ವಿಚಾರ. ಚಿತ್ರದ ಮಾಹಿತಿಯನ್ನು ೪೦ ಬಿಟ್ಟುಗಳ ಕೈಯಿಂದ ಗೂಢಲಿಪಿಯಾಗಿ ಕಲಸಿ ತಟ್ಟೆಯ ಮೇಲೆ ಅಚ್ಚೊತ್ತುತ್ತಾರೆ. ಕಲಸಿದ್ದನ್ನು ಬಿಡಿಸುವ ಕೈಗಳನ್ನು, ಒಪ್ಪಂದಕ್ಕೆ ಸಹಿ ಹಾಕಿದ ಯಂತ್ರನಿರ್ಮಾಪಕರಿಗೆ ಮಾತ್ರ ಕೊಡುತ್ತಾರೆ. ತಟ್ಟೆಯ ಪಾಲಿನ ಕೈಯು ಅದರ ಒಳಸುತ್ತಿನ ಒಂದು ಪಟ್ಟಿಯಲ್ಲಿ ಅಡಗಿರುತ್ತದೆ. ಅಂಗಡಿಯಲ್ಲಿ ಸಿಗುವ ಖಾಲಿ ತಟ್ಟೆಯ ಆ ಪಟ್ಟಿಯಲ್ಲಿ ಏನನ್ನೂ ಬರೆಯಲಾಗದಂತೆ ಮಾಡಿದ್ದಾರೆ. ಹೀಗಾಗಿ ಬೀಗವನ್ನು ಬೀಗದಂತೆಯೇ ನಕಲು ಮಾಡಿದರೆ ದೊರೆಯುವುದು ಮಾತನಾಡದ ತಟ್ಟೆ. ಇದರ ಮೇಲೆ ಪ್ರಾಂತದ ಬೀಗವೊಂದು ಬೇರೆ. ಪ್ರಪಂಚವನ್ನು ವಿಭಾಗಗಳಾಗಿ ಹಂಚಿ, ಅಮೆರಿಕಕ್ಕೆ ೧, ಇಂಗ್ಲೆಂಡಿಗೂ ಜಪಾನಿಗೂ ೨, ಭಾರತಕ್ಕೆ ೫ ಎಂದು ಅಂಕೆಯಿಟ್ಟಿದ್ದಾರೆ. ಅಮೆರಿಕದಲ್ಲಿರುವ ಮಗಳು ಅಲ್ಲಿ ಹಣ ತೆತ್ತು ತಂದ ತಟ್ಟೆಯು ಲಿಂಗರಾಜಪುರದ ಯಂತ್ರದಲ್ಲಿ ನಡೆಯದೆ ಹೋಗುವುದು ಇದರಿಂದಲೇ. ಕಂಪ್ಯೂಟರಿನ ಓದುಯಂತ್ರದಲ್ಲಾದರೆ ಈ ಅಂಕೆಯನ್ನು ಐದು ಸಲ ಮಾತ್ರ ಬದಲಿಸಬಹುದು. ಆಮೇಲೆ ಅದು ಅಲ್ಲಿಯೇ ನಿಂತುಬಿಡುತ್ತದೆ.

ಈ ಬೀಗವು ಬಹುಕಾಲ ಬಾಳಲಿಲ್ಲ. ೧೯೯೯ರ ಅಕ್ಟೋಬರಿನಲ್ಲಿ ಅದನ್ನು ತೆರೆಯುವ ಕ್ರಮವಿಧಿಯೊಂದು ಪ್ರಪಂಚಕ್ಕೆಲ್ಲ ಹಬ್ಬಿತು. ಅದರ ಹಿಂದಿದ್ದವರಲ್ಲಿ ಯೋನ್ ಲೆಕ್ ಯೋಹಾನ್ಸನ್ ಎಂಬ ನಾರ್ವೆ ದೇಶದ ಬಾಲಕನಿಗೆ ಆಗ ಹದಿನೈದು ವರ್ಷ. ಮೊಕದ್ದಮೆ ನಡೆದು, ೨೦೦೩ರ ಜನವರಿಯಲ್ಲಿ ಓಸ್ಲೋ ನಗರದ ನ್ಯಾಯಾಲಯವೂ ಅದೇ ವರ್ಷದ ಡಿಸೆಂಬರಿನಲ್ಲಿ ಮೇಲಿನ ನ್ಯಾಯಾಲಯವೂ ಅವನನ್ನು ನಿರ್ದೋಷಿಯೆಂದು ಬಿಟ್ಟವು. ನ್ಯಾಯವಾಗಿ ಕೊಂಡ ತಟ್ಟೆಯನ್ನು ನೋಡುವ ಹಕ್ಕು ಕೊಂಡವನಿಗುಂಟೆಂಬುದು ಆ ತೀರ್ಪಿನ ಸಾರ. ಅಂದಿನಿಂದ ಈ ಬೀಗವು ಯಾರಿಗೂ ರಹಸ್ಯವಲ್ಲ. ಕಾರ್ಖಾನೆಯಲ್ಲಿ ಬೀಗ, ಕೈ ಎರಡನ್ನೂ ಸೇರಿಸಿಯೇ ಅಚ್ಚೊತ್ತುವ ಕಳ್ಳವ್ಯಾಪಾರಿಗೆ ಅದು ಮೊದಲಿನಿಂದಲೂ ಅಡ್ಡಿಯಾಗಿರಲಿಲ್ಲ. ಅದು ತಡೆಯುವುದು ಬಹುಮಟ್ಟಿಗೆ ಅಂಜುವ ಸಾಧುಜನರನ್ನು.

ಇಲ್ಲಿ ಎರಡು ಪಕ್ಷಗಳು ಎದುರುಬದುರಾಗಿ ನಿಲ್ಲುತ್ತವೆ. ನಿರ್ಮಾಪಕಪಕ್ಷದವರು ಹೇಳುವುದೇನೆಂದರೆ: ಚಿತ್ರವೊಂದರಲ್ಲಿ ನೂರಾರು ಜನರ ದುಡಿಮೆ ಸೇರಿದೆ. ಮನೆಮನೆಯೂ ತನ್ನ ತಟ್ಟೆಯನ್ನು ತಾನು ಕೊಳ್ಳುವುದೆಂಬ ನಂಬಿಕೆಯ ಮೇಲೆಯೇ ಅದನ್ನು ಅಗ್ಗವಾಗಿ ಮಾರಿದ್ದು. ಬೀಗವು ಆ ನಂಬಿಕೆಯ ಬಹಿರಂಗವಾದ ಗುರುತು. ಇಂದು ತನ್ನ ಮನೆಗೆಂದು ತೆರೆದವನು ನಾಳೆ ತಂಗಿಗೆಂದು, ನಾಡಿದ್ದು ನೆರೆಯವರಿಗೆಂದು ತೆರೆಯುವನು. ಆಯುಧವು ಒಂದೇ ಆದಮೇಲೆ ಕೈ ಎಲ್ಲಿ ನಿಲ್ಲುವುದೆಂದು ಯಾರು ಬಲ್ಲರು? ಮೇಲಾಗಿ, ಗಡಿಗೆ ಒಡೆದರೆ ಕುಂಬಾರನನ್ನು ಇನ್ನೊಂದು ಕೇಳುವವರುಂಟೆ? ಒಡೆಯುವ ವಸ್ತುವೆಂದು ತಿಳಿದೇ ಕೊಂಡದ್ದಷ್ಟೆ!

ಈ ವಾದದಲ್ಲಿ ಸತ್ಯಾಂಶವಿಲ್ಲವೆನ್ನುವಂತಿಲ್ಲ. ಕೈ ಜಾರುವುದೆಂಬ ಭಯ ನಿಜವಾದದ್ದು. ಮನಸ್ಸು ತನ್ನ ಲೋಭಕ್ಕೆ ಬಂಧುಪ್ರೇಮದ ಹೆಸರಿಡುವುದನ್ನು ಎಲ್ಲರೂ ಬಲ್ಲರು. ಆದರೆ ಗಡಿಗೆಯ ದೃಷ್ಟಾಂತವು ಹೇಳಿದವರಿಗೇ ತಿರುಗಿ ಬೀಳುತ್ತದೆ. ಹಿತ್ತಾಳೆಯ ಪಾತ್ರೆಗೆ ಕಾಲಕಾಲಕ್ಕೆ ಕಲಾಯಿ ಹಾಕಿಸುವ ಗೃಹಿಣಿಯನ್ನು ಕಂಚುಗಾರನು ತಡೆಯನು. ಕೆಡುವ ವಸ್ತುವನ್ನು ಕೆಡದಂತೆ ನೋಡಿಕೊಳ್ಳುವುದು ಒಡೆತನದ ದುರುಪಯೋಗವಲ್ಲ. ಗೃಹಸ್ಥಧರ್ಮದ ಒಂದು ಭಾಗ.

ಎದುರುಪಕ್ಷದವರ ಮಾತು ಇದಕ್ಕಿಂತ ಸುಲಭ: ದುಡ್ಡು ನನ್ನದು, ತಟ್ಟೆ ನನ್ನದು, ಏನಾದರೂ ಮಾಡಿಕೊಂಡೇನು. ಇದೂ ನಿಲ್ಲದು. ತಟ್ಟೆಯಲ್ಲಿ ಎರಡು ವಸ್ತುಗಳು ಕೂಡಿವೆ: ಕೈಗೆ ಸಿಗುವ ಪ್ಲಾಸ್ಟಿಕ್ಕು ಒಂದು, ಕಣ್ಣಿಗೆ ಕಾಣುವ ಚಿತ್ರ ಒಂದು. ಗ್ರಂಥವನ್ನು ಕೊಂಡವನು ಅದನ್ನು ಓದಬಹುದು, ರಟ್ಟು ಕಟ್ಟಿಸಬಹುದು, ಮಗಳ ಮದುವೆಯಲ್ಲಿ ಉಡುಗೊರೆಯಾಗಿ ಕೊಡಬಹುದು. ಮುದ್ರಣಾಲಯಕ್ಕೆ ಒಯ್ದು ಸಾವಿರ ಪ್ರತಿ ತೆಗೆಸಲು ಅವನಿಗೆ ಅಧಿಕಾರವಿಲ್ಲ. ಹಾಗೆಯೇ ಇಲ್ಲಿಯೂ.

ಎರಡು ಪಕ್ಷಗಳೂ ಬೀಗವನ್ನೇ ದಿಟ್ಟಿಸಿ ನೋಡುತ್ತಿರುವುದರಿಂದ ಮುಖ್ಯವಾದ ಪ್ರಶ್ನೆಯು ಮರೆಯಾಗಿದೆ. ಅದಾವುದೆಂದರೆ: ಮಾರಾಟದಲ್ಲಿ ಕೊಂಡವನಿಗೆ ಕೊಟ್ಟದ್ದು ಎಷ್ಟು? ಜೈನ ನೀತಿಶಾಸ್ತ್ರವು ಕಳವನ್ನು ಅದತ್ತಾದಾನವೆಂದು ಕರೆದು ಈ ವಿಚಾರಕ್ಕೆ ನೇರವಾದ ದಾರಿ ತೋರಿಸಿದೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು. ಬೀಗವಿತ್ತೆ, ಬಾಗಿಲು ತೆರೆದಿತ್ತೆ ಎಂಬುದು ಆಮೇಲಿನ ಮಾತು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಅಸ್ತೇಯವ್ರತದ ಅತಿಚಾರಗಳನ್ನು ಎಣಿಸುವಾಗ, ಕದ್ದು ತಂದುದನ್ನು ಕೊಳ್ಳುವುದನ್ನೂ, ಪ್ರತಿರೂಪಕ ವ್ಯವಹಾರ, ಎಂದರೆ ನಕಲನ್ನು ಅಸಲೆಂದು ನಡೆಸುವ ವ್ಯಾಪಾರವನ್ನೂ ಸೇರಿಸಿರುವುದು ಗಮನಾರ್ಹ. ದೋಷವು ಪ್ರತಿರೂಪದಲ್ಲಿಲ್ಲ, ಅದರ ವ್ಯವಹಾರದಲ್ಲಿದೆ.

ಈ ಅಳತೆಗೋಲನ್ನು ಹಿಡಿದು ನೋಡಿದರೆ, ತಟ್ಟೆಯನ್ನು ಕೊಂಡ ಮನೆಗೆ ದತ್ತವಾದದ್ದು ಆ ಚಿತ್ರವನ್ನು ಮನೆಯಲ್ಲಿ ಬೇಕಾದಾಗ ನೋಡುವ ಭೋಗ. ಇಂತಿಷ್ಟು ವರ್ಷ, ಇಂತಿಷ್ಟು ಸಲ ಎಂಬ ಕರಾರು ಯಾವ ಹೊದಿಕೆಯ ಮೇಲೆಯೂ ಇರುವುದಿಲ್ಲ. ದತ್ತವಾಗದೆ ಉಳಿದದ್ದು ಆ ಭೋಗವನ್ನು ಇನ್ನೊಂದು ಮನೆಗೆ ಹೆಚ್ಚಿಸಿಕೊಡುವ ಅಧಿಕಾರ. ರಕ್ಷಾಪ್ರತಿಯು ಮೊದಲನೆಯದನ್ನು ಕಾಪಾಡುತ್ತದೆ; ಹಂಚುವ ಪ್ರತಿಯು ಎರಡನೆಯದನ್ನು ಅಪಹರಿಸುತ್ತದೆ. ಬೀಗ ಹಾಕಿದ ಮಾತ್ರಕ್ಕೆ ಕೊಟ್ಟದ್ದು ಕಡಮೆಯಾಗದು. ಬೀಗ ತೆಗೆದ ಮಾತ್ರಕ್ಕೆ ಕೊಡದಿದ್ದದ್ದು ದೊರೆತಂತಾಗದು. ಸೊಸೆಯ ಪ್ರಶ್ನೆಗೆ ಉತ್ತರವಿರುವುದು ಇಲ್ಲಿ.

ಆದರೆ ರಾಜಶಾಸನವೇನು ಹೇಳುತ್ತದೆಂಬುದನ್ನು ಕಡೆಗಣಿಸುವಂತಿಲ್ಲ. ಭಾರತದ ೧೯೫೭ರ ಕೃತಿಸ್ವಾಮ್ಯ ಶಾಸನಕ್ಕೆ ೨೦೧೨ರಲ್ಲಿ ಆದ ತಿದ್ದುಪಡಿಯು ಆ ವರ್ಷದ ಜೂನ್ ೨೧ರಿಂದ ಜಾರಿಗೆ ಬಂದಿತು. ಅದರಲ್ಲಿ ಸೇರಿದ ೬೫ಎ ಪ್ರಕರಣವು, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ಬೀಗವನ್ನು ಮೀರಿದವನಿಗೆ ಎರಡು ವರ್ಷದವರೆಗೆ ಸೆರೆಯನ್ನೂ ಜುಲ್ಮಾನೆಯನ್ನೂ ವಿಧಿಸುತ್ತದೆ. 'ಉದ್ದೇಶದಿಂದ' ಎಂಬ ಮಾತೇ ಇಲ್ಲಿ ಜೀವಾಳ. ಶಾಸನವು ನಿಷೇಧಿಸದ ಕಾರ್ಯಕ್ಕಾಗಿ ಬೀಗ ತೆಗೆಯುವುದನ್ನು ಆ ಪ್ರಕರಣವೇ ಹೊರಗಿಟ್ಟಿದೆ. ಆದರೆ ಇನ್ನೊಬ್ಬನಿಗೆ ಹಾಗೆ ತೆಗೆದುಕೊಡುವವನು ಅವನ ಹೆಸರು ವಿಳಾಸಗಳನ್ನು ಬರೆದಿಟ್ಟುಕೊಂಡಿರಬೇಕೆಂಬ ಕಟ್ಟಳೆಯನ್ನೂ ಇಟ್ಟಿದೆ. ಸ್ವಂತಕ್ಕಾಗಿ ಮಾಡುವ ನ್ಯಾಯವಾದ ಬಳಕೆಗೆ ೫೨ನೆಯ ಪ್ರಕರಣದಲ್ಲಿರುವ ವಿನಾಯತಿಯು ಚಲನಚಿತ್ರಗಳಿಗೂ ವಿಸ್ತರಿಸಿದ್ದು ಅದೇ ೨೦೧೨ರಲ್ಲಿ. ಕಂಪ್ಯೂಟರ್ ಕ್ರಮವಿಧಿಗಳನ್ನು ನಷ್ಟವಾಗದಂತೆ ಪ್ರತಿ ಮಾಡಿಟ್ಟುಕೊಳ್ಳಬಹುದೆಂದು ಶಾಸನವು ಬಿಡಿಸಿ ಹೇಳಿದೆ. ಚಿತ್ರದ ವಿಷಯದಲ್ಲಿ ಅಷ್ಟು ಬಿಡಿಸಿ ಹೇಳಿಲ್ಲ. ಆದುದರಿಂದ ಎಚ್ಚರವು ಬೇಕೇ ಬೇಕು.

ಪರದೇಶಗಳ ಶಾಸನಗಳು ಒಂದೇ ತೆರನಾಗಿಲ್ಲ. ಅಮೆರಿಕದಲ್ಲಿ ೧೯೯೮ರ ಶಾಸನವು ಬೀಗ ತೆಗೆಯುವ ಉಪಕರಣದ ಮಾರಾಟವನ್ನೇ ನಿಷೇಧಿಸಿತು. ಮನೆಯ ರಕ್ಷಾಪ್ರತಿಗಾಗಿಯೇ ಮಾಡಿದ್ದೆಂದು ಹೇಳಿಕೊಂಡ ಉಪಕರಣಗಳನ್ನು ೨೦೦೪ರಲ್ಲೊಮ್ಮೆ, ೨೦೦೯ರಲ್ಲೊಮ್ಮೆ ಅಲ್ಲಿಯ ನ್ಯಾಯಾಲಯಗಳು ತಡೆದವು. ಇಂಗ್ಲೆಂಡಿನಲ್ಲಿ ಕೊಂಡ ಕೃತಿಯ ಪ್ರತಿಯನ್ನು ಸ್ವಂತಕ್ಕೆ ಮಾಡಿಕೊಳ್ಳಲು ೨೦೧೪ರ ಅಕ್ಟೋಬರ್ ೧ರಂದು ಅನುಮತಿ ದೊರೆತು, ಹತ್ತು ತಿಂಗಳು ತುಂಬುವ ಮೊದಲೇ, ೨೦೧೫ರ ಜುಲೈನಲ್ಲಿ, ಉಚ್ಚ ನ್ಯಾಯಾಲಯವು ಆ ನಿಯಮವನ್ನು ರದ್ದುಮಾಡಿತು. ಸೆಪ್ಟೆಂಬರಿನಲ್ಲಿ ಕಳ್ಳನಾಗಿದ್ದವನು ಅಕ್ಟೋಬರಿನಲ್ಲಿ ಸಾಧುವಾಗಿ, ಮರುವರ್ಷದ ಆಗಸ್ಟಿನಲ್ಲಿ ಮತ್ತೆ ಕಳ್ಳನಾದನೆಂದು ಯಾರೂ ಭಾವಿಸರು. ಶಾಸನವನ್ನು ಮನ್ನಿಸುವುದು ಪ್ರಜೆಯ ಕರ್ತವ್ಯ; ಆದರೆ ಧರ್ಮಾಧರ್ಮಗಳ ನಿರ್ಣಯವನ್ನೆಲ್ಲ ಅದರ ತಲೆಗೆ ಹೊರಿಸಿ ನಿಶ್ಚಿಂತನಾಗುವಂತಿಲ್ಲ.

ಪ್ರತಿ ಮಾಡುವುದರ ಧರ್ಮವನ್ನು ಕನ್ನಡ ನಾಡು ಮೊದಲೇ ಬಲ್ಲದು. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ತನ್ನ ಖರ್ಚಿನಲ್ಲಿ ಬರೆಸಿ ಹಂಚಿ ದಾನಚಿಂತಾಮಣಿಯೆನಿಸಿಕೊಂಡಳು. ಇದನ್ನು ನೆನೆದು, ಪ್ರತಿ ಮಾಡಿ ಹಂಚುವುದು ಪುಣ್ಯವೇ ಅಲ್ಲವೆ ಎಂದು ಯಾರಾದರೂ ಕೇಳಿಯಾರು. ಕೇಳತಕ್ಕ ಮಾತೇ. ಆದರೆ ಆ ಕಾಲದ ಕವಿಯ ಜೀವನ ನಡೆಯುತ್ತಿದ್ದುದು ಆಶ್ರಯದಾತನ ಮನ್ನಣೆಯಿಂದ. ಪ್ರತಿ ಹೆಚ್ಚಿದಷ್ಟೂ ಅವನ ಕೀರ್ತಿ ಹೆಚ್ಚುತ್ತಿತ್ತೇ ಹೊರತು ಊಟ ಕಡಮೆಯಾಗುತ್ತಿರಲಿಲ್ಲ. ಮಾರಾಟದಿಂದ ಬದುಕುವ ಇಂದಿನ ಕಲಾವಿದನ ಮಾತು ಬೇರೆ. ಅದಲ್ಲದೆ ಅತ್ತಿಮಬ್ಬೆ ದಾನ ಮಾಡಿದ್ದು ತನ್ನ ಹಣವನ್ನು. ಪರರಿಗೆ ಸಲ್ಲಬೇಕಾದುದನ್ನು ಕೊಟ್ಟು ದಾನಿಯೆನಿಸಿಕೊಳ್ಳಲಾಗದು.

ಬೀಗದೊಳಗಿನ ಕೃತಿಯ ದೃಷ್ಟಾಂತಕ್ಕೆ ಮೂಡುಬಿದಿರೆಗೆ ಹೋಗಬೇಕು. ದಿಗಂಬರ ಜೈನರ ಆದಿಸಿದ್ಧಾಂತವಾದ ಷಟ್ಖಂಡಾಗಮವೂ, ಅದಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಧವಲಾ ಟೀಕೆಯೂ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಯಾತ್ರಿಕರಿಗೆ ದರ್ಶನವುಂಟು, ಓದಲಾಗಲಿ ಪ್ರತಿ ತೆಗೆಯಲಾಗಲಿ ಶತಮಾನಗಳ ಕಾಲ ಎಡೆಯಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಗರಿಗಳು ಶಿಥಿಲವಾಗುತ್ತಿರುವುದನ್ನು ಕಂಡು ದೂರದ ಶ್ರಾವಕರು ಒತ್ತಾಯಪಡಿಸಿದ ಮೇಲೆ, ಬಸದಿಯಲ್ಲಿಯೇ ಇರತಕ್ಕದ್ದೆಂಬ ನಿಬಂಧನೆಯಿಂದ ಪ್ರತಿ ಮಾಡುವ ಕೆಲಸ ಮೊದಲಾಯಿತು. ಅದಕ್ಕೆ ನೇಮಿತರಾಗಿದ್ದ ಗಜಪತಿ ಶಾಸ್ತ್ರಿಗಳು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿಂದ ಬೇರೆ ಪ್ರತಿಗಳಾಗಿ ಹಬ್ಬಿತು. ೧೯೩೯ರಲ್ಲಿ ಹೀರಾಲಾಲ ಜೈನರು ಧವಲಾ ಟೀಕೆಯ ಮೊದಲ ಸಂಪುಟವನ್ನು ಅಚ್ಚುಮಾಡಿಸಿದುದು ಹೀಗೆ ಹೊರಬಿದ್ದ ಪ್ರತಿಗಳ ಬಲದಿಂದ. ಮುಂದೆ ಅದು ೧೬ ಸಂಪುಟಗಳಲ್ಲಿ ಪೂರ್ಣವಾಯಿತು.

ಶಾಸ್ತ್ರಿಗಳು ಮಾಡಿದ್ದು ಸರಿಯೆ? ಫಲವನ್ನು ನೋಡಿದರೆ ಲೋಕೋಪಕಾರ. ಕರ್ಮವನ್ನು ನೋಡಿದರೆ ವಚನಭಂಗ. ಒಳ್ಳೆಯ ಫಲವು ಕೊಟ್ಟ ಮಾತನ್ನು ಮುರಿದ ದೋಷವನ್ನು ತೊಳೆಯಲಾರದು. ಆದರೆ ಕಾವಲೆಂಬ ನೆವದಿಂದ ಕೃತಿಯನ್ನು ಹುಳಕ್ಕೆ ಒಪ್ಪಿಸುತ್ತಿದ್ದವರ ದೋಷವೂ ಅದರಿಂದ ಮರೆಯಾಗದು. ರಕ್ಷಿಸಲೆಂದು ಹಾಕಿದ ಬೀಗವೇ ವಿನಾಶಕ್ಕೆ ಕಾರಣವಾದಾಗ, ಬೀಗ ಹಾಕಿದವನು ತನ್ನ ಅಧಿಕಾರದ ಒಂದು ಪಾಲನ್ನು ತಾನೇ ಕಳೆದುಕೊಂಡಂತೆ. ತಟ್ಟೆಯ ಗೃಹಸ್ಥನನ್ನು ಶಾಸ್ತ್ರಿಗಳ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಎರಡು ಸಂಗತಿ ಸ್ಪಷ್ಟವಾಗುತ್ತವೆ. ಇವನು ಯಾರಿಗೂ ಮಾತು ಕೊಟ್ಟು ಒಳಹೊಕ್ಕವನಲ್ಲ, ಬೆಲೆ ತೆತ್ತು ಕೊಂಡವನು. ಆದುದರಿಂದ ಮನೆಗೆ ಒಂದು ಪ್ರತಿ ಮಾಡಿಕೊಂಡರೆ ಇವನ ಭಾರ ಹಗುರ. ಆದರೆ ಪ್ರಪಂಚದಲ್ಲಿ ಮತ್ತೆಲ್ಲಿಯೂ ಇಲ್ಲದ ಗ್ರಂಥವು ಇವನ ಕೈಯಲ್ಲಿಲ್ಲ. ಆದುದರಿಂದ ಲೋಕೋದ್ಧಾರದ ಹೆಸರಿನಲ್ಲಿ ಹಂಚುವ ಸಮರ್ಥನೆಯು ಇವನಿಗೆ ಸಿಗದು.

ಈಗ ವಿಧಾನದ ವಿಚಾರಕ್ಕೆ ಬರಬಹುದು. ಮೊದಲನೆಯ ಮಾರ್ಗವು ಪ್ರತಿ ಮಾಡದೆ ಇನ್ನೊಂದು ತಟ್ಟೆಯನ್ನೇ ಕೊಳ್ಳುವುದು. ಅದು ಸಿಗುವವರೆಗೆ ಅದಕ್ಕಿಂತ ನಿರ್ಮಲವಾದ ಮಾರ್ಗವಿಲ್ಲ. ಎರಡನೆಯದು, ಯಂತ್ರದಲ್ಲಿ ಚಿತ್ರವನ್ನು ನಡೆಸಿ ಹೊರಬರುವ ದೃಶ್ಯವನ್ನೂ ಧ್ವನಿಯನ್ನೂ ಬೇರೆ ಯಂತ್ರದಿಂದ ಹಿಡಿದುಕೊಳ್ಳುವುದು. ಬೀಗವನ್ನು ಮುಟ್ಟಲಿಲ್ಲವೆಂಬ ಸಮಾಧಾನಕ್ಕಾಗಿ ಕೆಲವರು ಇದನ್ನು ಮೆಚ್ಚುವರು. ಚಿತ್ರ ಮಾಸುತ್ತದೆ, ಧರ್ಮದ ದೃಷ್ಟಿಯಿಂದ ಲಾಭವೂ ಇಲ್ಲ. ಬಾಗಿಲನ್ನು ಬಿಟ್ಟು ಹಿತ್ತಿಲಿನಿಂದ ಬಂದ ಮಾತ್ರಕ್ಕೆ ಉದ್ದೇಶವು ಬದಲಾಗದು. ಮೂರನೆಯದು, ಬೀಗವನ್ನು ತೆಗೆದು ಚಿತ್ರವನ್ನು ಹಿಂಡಿ, ಮೂಲದ ಐದನೆಯ ಒಂದು ಪಾಲಿಗೋ ಅದಕ್ಕಿಂತ ಕಡಮೆಗೋ ಇಳಿಸುವುದು. ಜಾಗ ಉಳಿಯುತ್ತದೆ, ಹಿಂಡಿದಾಗ ಕಳೆದುದು ಮಾತ್ರ ಮರಳಿ ಬಾರದು. ನಾಲ್ಕನೆಯದು, ಬೀಗವನ್ನಷ್ಟೇ ತೆಗೆದು, ಚಿತ್ರ, ಧ್ವನಿ, ಉಪಶೀರ್ಷಿಕೆ, ಸೂಚಿ ಎಲ್ಲವನ್ನೂ ಇದ್ದಂತೆಯೇ ಒಟ್ಟು ಬಿಂಬವಾಗಿ ಹಾರ್ಡ್ ಡಿಸ್ಕಿನಲ್ಲಿ ಇಡುವುದು. ನಲವತ್ತು ತಟ್ಟೆಗಳಿಗೆ ಹೆಚ್ಚೆಂದರೆ ೩೪೦ ಗಿಗಾಬೈಟು ಬೇಕಾದೀತು. ಇಂದಿನ ಒಂದು ಸಾಮಾನ್ಯ ಹಾರ್ಡ್ ಡಿಸ್ಕಿಗೆ ಅದು ಹೊರೆಯಲ್ಲ.

ಇವುಗಳಲ್ಲಿ ಕಾಪಾಡುವ ಉದ್ದೇಶಕ್ಕೆ ತಕ್ಕದ್ದು ನಾಲ್ಕನೆಯದು. ವಾಚಕರು ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬೇಕು. ಹಿಂಡಿದ ಸಣ್ಣ ಪ್ರತಿಯ ಮುಖ್ಯ ಗುಣವೆಂದರೆ ಸುಲಭವಾಗಿ ಒಂದು ಫೋನಿನಿಂದ ಇನ್ನೊಂದಕ್ಕೆ ಹಾರುವುದು; ಇಡೀ ಬಿಂಬದ ಗುಣವೆಂದರೆ ಮನೆಯಲ್ಲಿ ನೆಲೆಯಾಗಿ ಕೂರುವುದು. ಒಂದು ಸಂಚಾರಕ್ಕೆ ಹುಟ್ಟಿದ್ದು, ಇನ್ನೊಂದು ಸಂರಕ್ಷಣೆಗೆ. ವಿಧಾನವನ್ನು ಆರಿಸುವಾಗಲೇ ಮನುಷ್ಯನು ತನ್ನ ಉದ್ದೇಶವನ್ನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಕೈಯಲ್ಲಿ ಹಿ಼ಡಿಯುವ ಸಣ್ಣ ತೆರೆಯಲ್ಲಿ ನೋಡುವ ಮುದುಕಿಗಾಗಿ ಸಣ್ಣ ಪ್ರತಿಯೊಂದನ್ನು ಮಾಡಿಕೊಡುವುದರಲ್ಲಿ ದೋಷವಿಲ್ಲ. ಅದು ಆ ತೆರೆಯಲ್ಲಿಯೇ ಉಳಿಯಬೇಕು. ಒಂದೇ ಹಾರ್ಡ್ ಡಿಸ್ಕನ್ನು ನಂಬುವುದು ಜಾಣತನವಲ್ಲ, ಅದೂ ಒಂದು ದಿನ ನಿಲ್ಲುವ ಯಂತ್ರವೇ. ಬೇರೆ ಕೋಣೆಯ ಬೀರುವಿನಲ್ಲಿ ಎರಡನೆಯದೊಂದಿರಲಿ, ವರ್ಷಕ್ಕೊಮ್ಮೆ ಎರಡನ್ನೂ ನಡೆಸಿ ಪರೀಕ್ಷಿಸಲಿ. ಮೂಲ ತಟ್ಟೆಯನ್ನು ಮಾತ್ರ ಎಸೆಯಕೂಡದು. ಪ್ರತಿಗೆ ಅಧಿಕಾರ ಬಂದಿರುವುದೇ ಅದರಿಂದ.

ಇಷ್ಟರಿಂದ ಕೆಲವು ನಿಯಮಗಳು ತಾವಾಗಿಯೇ ಹೊರಡುತ್ತವೆ. ಪ್ರತಿಯು ಮೂಲದ ನೆರಳಿನಂತೆ ಇರತಕ್ಕದ್ದು: ಮೂಲವು ಮಾರಾಟವಾದರೆ ಅಥವಾ ಉಡುಗೊರೆಯಾಗಿ ಹೋದರೆ ಪ್ರತಿಯೂ ಅದರೊಡನೆ ಹೋಗಬೇಕು, ಇಲ್ಲವೆ ಅಳಿಯಬೇಕು. ಬಾಡಿಗೆಗೆ ತಂದ ತಟ್ಟೆಯಿಂದ ಪ್ರತಿ ಕೂಡದು. ಅಲ್ಲಿ ದತ್ತವಾದದ್ದು ಎರಡು ದಿನದ ಭೋಗ ಮಾತ್ರ. ಕಾಲುದಾರಿಯ ಕಳ್ಳಪ್ರತಿಗೆ ರಕ್ಷಾಪ್ರತಿಯೆಂಬುದೇ ಇಲ್ಲ. ಮಾರಿದವನಿಗೇ ಇಲ್ಲದುದನ್ನು ಅವನು ಕೊಟ್ಟಿದ್ದಾದರೂ ಏನು? ತಾನು ಮಾಡಲರಿಯದವನು ಅಂಗಡಿಯವನಿಂದ ಮಾಡಿಸಿಕೊಂಡರೆ ಕೂಲಿ ಕೊಡುವುದು ತಪ್ಪಲ್ಲ. ಆದರೆ ಅಂಗಡಿಯವನು ತನಗೊಂದು ಪ್ರತಿಯನ್ನು ಇಟ್ಟುಕೊಂಡನಾದರೆ ಅವನೂ ಕೊಟ್ಟ ನಂಬಿಕೆಯನ್ನು ಮುರಿದವನಾಗುವನು, ಶಾಸ್ತ್ರಿಗಳಿಗಿದ್ದ ಕಾರಣವೂ ಇಲ್ಲದೆ. ಪರದೇಶದಿಂದ ಮಗಳು ತಂದ ತಟ್ಟೆಯ ಪ್ರಾಂತದ ಬೀಗವನ್ನು ತೆಗೆದು ನೋಡುವುದರಲ್ಲಿ ಅದತ್ತವಾದುದೇನೂ ಇಲ್ಲ; ಬೆಲೆಯು ಪೂರ್ತಿಯಾಗಿ ಸಂದಿದೆ.

ಕಠಿನವಾದ ಪ್ರಶ್ನೆಯೊಂದು ಉಳಿಯುತ್ತದೆ. ಮನೆಯು ಪಾಲಾಗುತ್ತದೆ. ಅಣ್ಣನು ಲಿಂಗರಾಜಪುರದಲ್ಲಿ ಉಳಿಯುತ್ತಾನೆ, ತಮ್ಮನು ಮೈಸೂರಿಗೆ ಹೋಗುತ್ತಾನೆ. ತಾಯಿ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ತಾಯಿಯೊಡನೆ ತಟ್ಟೆಯೂ ಹೋಗಿ ಬರುವವರೆಗೆ ತೊಡಕಿಲ್ಲ. ತಾಯಿ ಇಲ್ಲವಾದ ಮೇಲೆ ಇಬ್ಬರಿಗೂ ಆ ಚಿತ್ರ ಬೇಕು, ತಟ್ಟೆ ಒಂದೇ. ಅಂಗಡಿಯಲ್ಲಿ ಅದು ಸಿಗದು. ಇಂತಹ ಚಿತ್ರಗಳನ್ನು ೩೪ ರೂಪಾಯಿಗೆ ಒಂದರಂತೆ ಮನೆಮನೆಗೆ ಮುಟ್ಟಿಸಿದ ಮೋಸರ್ ಬೇರ್ ಕಂಪನಿಯೇ ೨೦೧೮ರಲ್ಲಿ ಸಮಾಪನೆಗೆ ಹೋಯಿತು. ಆಗ ಅಣ್ಣನು ತಮ್ಮನಿಗೆ ಪ್ರತಿ ಮಾಡಿಕೊಡಬಹುದೆ? ಕೊಡಬಹುದೆಂದು ಹೃದಯ ಹೇಳುತ್ತದೆ, ಅಳತೆಗೋಲು ಒಪ್ಪುವುದಿಲ್ಲ. ಕೊಳ್ಳಲು ಸಿಗದಿರುವುದು ಬೇರೆ, ಕೊಟ್ಟಿರುವುದು ಬೇರೆ. ಇಲ್ಲಿ ಯುಕ್ತವಾದುದಕ್ಕೂ ಕ್ಷಮ್ಯವಾದುದಕ್ಕೂ ಇರುವ ಅಂತರವನ್ನು ಮರೆಯದಿರುವುದೇ ಪ್ರಾಮಾಣಿಕತೆ. ಮಾರುವವನೇ ಇಲ್ಲದ ಕಡೆ ಯಾರ ಅನ್ನವೂ ಕಡಮೆಯಾಗದು, ಆದುದರಿಂದ ತಪ್ಪು ಕ್ಷಮ್ಯ. ಆದರೆ ಅದನ್ನು ಹಕ್ಕೆಂದು ಕರೆದರೆ ಮುಂದಿನ ತಪ್ಪಿಗೆ ದಾರಿಯಾಗುತ್ತದೆ. ಸಣ್ಣ ತಪ್ಪನ್ನು ತಪ್ಪೆಂದೇ ತಿಳಿದು ಮಾಡಿದ ಅಣ್ಣನು, ಚಿತ್ರವು ಮತ್ತೆ ಮಾರಾಟಕ್ಕೆ ಬಂದ ದಿನ ಬೆಲೆ ಕೊಟ್ಟು ಕೊಳ್ಳುವನು; ಹಕ್ಕೆಂದು ತಿಳಿದವನು ಕೊಳ್ಳಲಾರನು.

ಧರ್ಮವು ಕೊಂಡವನೊಬ್ಬನಿಗೇ ಅಲ್ಲ, ಮಾರಿದವನಿಗೂ ಉಂಟು. ಬೀಗ ಹಾಕುವವನು ಕೆಟ್ಟ ತಟ್ಟೆಗೆ ಬದಲು ತಟ್ಟೆಯನ್ನು ಅಚ್ಚಿನ ವೆಚ್ಚಕ್ಕೆ ಕೊಡುವ ಏರ್ಪಾಡನ್ನು ಮಾಡಿದ್ದರೆ ಈ ವಿಚಾರದ ಬಹುಭಾಗ ಏಳುತ್ತಲೇ ಇರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ ಸತಿ ಸುಲೋಚನವು ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ರಾಷ್ಟ್ರೀಯ ಚಲನಚಿತ್ರ ಭಂಡಾರವು ಪುಣೆಯಲ್ಲಿ ಸ್ಥಾಪಿತವಾಗುವ ಹೊತ್ತಿಗೆ ಮೂವತ್ತು ವರ್ಷಗಳು, ೧೯೬೪ರವರೆಗೆ, ಕಳೆದುಹೋಗಿದ್ದವು. ಆ ಚಿತ್ರವನ್ನು ಯಾವ ಕಳ್ಳನೂ ಕದಿಯಲಿಲ್ಲ. ಕಾಪಾಡಬೇಕೆಂದು ಯಾರಿಗೂ ತೋರಲಿಲ್ಲ, ಅಷ್ಟೆ. ಕಳವಿನಿಂದ ಕಲೆಗೆ ಹಾನಿಯುಂಟಾಗುವುದು ನಿಜ. ಅಲಕ್ಷ್ಯದಿಂದ ಆಗುವ ಹಾನಿಯು ಅದಕ್ಕಿಂತ ಪೂರ್ಣವಾದದ್ದು. ಕೊಟ್ಟದ್ದನ್ನು ಜತನವಾಗಿಟ್ಟುಕೊಂಡು ಕೊಡದುದಕ್ಕೆ ಕೈ ಚಾಚದ ಮನೆಯು ಈ ಎರಡು ಹಾನಿಗಳನ್ನೂ ತನ್ನ ಮಟ್ಟಿಗೆ ತಡೆಯುತ್ತದೆ. ಗೃಹಸ್ಥನಿಂದ ಧರ್ಮವು ಅಪೇಕ್ಷಿಸುವುದು ಅಷ್ಟನ್ನೇ.